ಝಯಾನ್‌ನ ನ್ಯಾರೋಸ್: ಹೊಳೆಯೊಳಗೇ ನಡೆದು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಯೂಟಾ ರಾಜ್ಯದಲ್ಲಿ ಝಯಾನ್ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿ ವರ್ಜಿನ್ ನದಿಯ ಉತ್ತರದ ಕವಲು ಮರಳುಗಲ್ಲಿನ ಬೆಟ್ಟವನ್ನು ಕೊರೆದು ಒಂದು ಸಂದಿ ಮಾಡಿಕೊಂಡಿದೆ. ಅದರ ಹೆಸರು ನ್ಯಾರೋಸ್. ಎರಡೂ ಕಡೆ ಸಾವಿರ ಅಡಿ ಗೋಡೆ, ನಡುವೆ ಕೆಲವು ಕಡೆ ಬರೀ ಇಪ್ಪತ್ತು ಮೂವತ್ತು ಅಡಿ ಅಗಲದ ಹೊಳೆ. ಬಹಳ ಕಡೆ ದಡವೇ ಇಲ್ಲ. ಹೊಳೆಯೇ ದಾರಿ. ಪಾದ ಮುಳುಗುವಷ್ಟು, ಮೊಣಕಾಲಷ್ಟು, ಕೆಲವೆಡೆ ಸೊಂಟದಷ್ಟು ನೀರಲ್ಲಿ ಗಂಟೆಗಟ್ಟಲೆ ನಡೆಯಬೇಕು.

ಕ್ಯಾಲಿಫೋರ್ನಿಯಾದಿಂದ ಲಾಂಗ್ ವೀಕೆಂಡ್‌ಗೆ ವೇಗಸ್, ಗ್ರ್ಯಾಂಡ್ ಕ್ಯಾನಿಯನ್ ಅಂತ ಹೊರಡುವ ನಮ್ಮವರು ಝಯಾನ್‌ಗೂ ಒಂದರ್ಧ ದಿನ ಇಟ್ಟುಕೊಳ್ಳುವುದು ಸಾಮಾನ್ಯ. ಹಾಗೆ ಬಂದವರು ಜೀನ್ಸ್ ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಇಳಿಯುವುದನ್ನು ನಾನು ಹೋದಾಗಲೆಲ್ಲ ನೋಡಿದ್ದೇನೆ. ಹತ್ತು ನಿಮಿಷದಲ್ಲಿ ಕಾಲು ಮರಗಟ್ಟಿ ವಾಪಸ್ ಬರುತ್ತಾರೆ. ಇಷ್ಟು ದೂರ ಬಂದು, ಇಷ್ಟು ಚಂದದ ಜಾಗವನ್ನು ಬಾಗಿಲಿನಿಂದಲೇ ನೋಡಿ ಹೋಗಬಾರದಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಲೆನಾಡಿನವನು. ತುಂಗೆಯಲ್ಲಿ ಈಜು ಕಲಿತವನು. ನಮ್ಮ ಕಡೆ ಹೊಳೆ ಏರುವ ಮುಂಚೆ ವಾರಗಟ್ಟಲೆ ಮಳೆ ಹೊಯ್ದಿರುತ್ತದೆ, ನೀರು ಕೆಂಪಾಗಿರುತ್ತದೆ, ಊರಿಗೆಲ್ಲ ಗೊತ್ತಾಗಿರುತ್ತದೆ. ನ್ಯಾರೋಸ್‌ನ ಲೆಕ್ಕ ಬೇರೆ. ನೆತ್ತಿಯ ಮೇಲೆ ನೀಲಿ ಆಕಾಶ ಇರುವಾಗಲೇ, ಎಲ್ಲೋ ಮೇಲೆ ಸುರಿದ ಮಳೆ ಇಲ್ಲಿಗೆ ಹೊಳೆಯಾಗಿ ಬಂದುಬಿಡುತ್ತದೆ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡು ಮುಂದಿನದನ್ನೆಲ್ಲ ಓದಿ.

ಮೊದಲು ತೀರ್ಮಾನಿಸಿ: ಕೆಳಗಿನಿಂದಲೋ, ಮೇಲಿನಿಂದಲೋ?

ನ್ಯಾರೋಸ್ ನೋಡಲು ಎರಡು ದಾರಿ. ಒಂದು, ಕೆಳಗಿನಿಂದ ಮೇಲಕ್ಕೆ. ಟೆಂಪಲ್ ಆಫ್ ಸಿನವಾವ ಅನ್ನುವ ಬಸ್ ಸ್ಟಾಪಿನಿಂದ ಹೊರಟು, ಹೊಳೆಗೆ ಎದುರಾಗಿ ನಿಮಗೆ ಆಗುವಷ್ಟು ದೂರ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬರುವುದು. ಇದಕ್ಕೆ ಪರ್ಮಿಟ್ ಬೇಡ. ಬಿಗ್ ಸ್ಪ್ರಿಂಗ್ ಅನ್ನುವ ಬುಗ್ಗೆಯವರೆಗೆ ಹೋಗಬಹುದು, ಅದರಿಂದಾಚೆ ಹೋಗುವಂತಿಲ್ಲ. ಅಲ್ಲಿಗೆ ಹೋಗಿ ಬರಲು ಒಟ್ಟು ಸುಮಾರು 10 ಮೈಲಿ, ಅಂದರೆ 16 ಕಿಲೋಮೀಟರ್.

ಇನ್ನೊಂದು, ಮೇಲಿನಿಂದ ಕೆಳಕ್ಕೆ. ಉದ್ಯಾನದ ಹೊರಗಿರುವ ಚೇಂಬರ್ಲೇನ್ಸ್ ರ‍್ಯಾಂಚ್‌ನಿಂದ ಹೊರಟು 16 ಮೈಲಿ ನಡೆದು ಸಿನವಾವಕ್ಕೆ ಇಳಿಯುವುದು. ಒಂದೇ ದಿನದಲ್ಲಿ ಮುಗಿಸಿದರೂ ಪರ್ಮಿಟ್ ಬೇಕು. ಒಳಗೆ ಒಂದು ರಾತ್ರಿ ಮಾತ್ರ ಉಳಿಯಬಹುದು, ಡೇರೆ ಹಾಕಲು 12 ಗೊತ್ತಾದ ಜಾಗಗಳಿವೆ, ಮಲವನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಗೆ ತರಲೇಬೇಕು. ನಡುವೆ ಮನಸ್ಸು ಬದಲಾಯಿಸಿದರೆ ಹೊರಬರಲು ಅಡ್ಡದಾರಿ ಇಲ್ಲ. ಹೊಳೆಯಲ್ಲಿ ನಡೆದು ಅಭ್ಯಾಸ ಇಲ್ಲದವರಿಗೆ ಇದನ್ನು ನಾನು ಹೇಳುವುದೇ ಇಲ್ಲ. ಮೊದಲ ಸಲ ಕೆಳಗಿನಿಂದಲೇ ಹೋಗಿ. ನ್ಯಾರೋಸ್‌ನ ಅತಿ ಇಕ್ಕಟ್ಟಾದ, ಅತಿ ಸುಂದರವಾದ ಭಾಗ ಹೇಗೂ ಕೆಳಗಿನ ತುದಿಯಲ್ಲೇ ಇದೆ. ಮುಂದೆ ಹೇಳುವುದೆಲ್ಲ ಈ ದಾರಿಯ ಬಗ್ಗೆ.

ಯಾವಾಗ ಹೋಗಬೇಕು

ವಸಂತದಲ್ಲಿ ಮೇಲಿನ ಬೆಟ್ಟಗಳ ಹಿಮ ಕರಗುತ್ತದೆ. ಆಗ ಹೊಳೆ ಜೋರು, ನೀರು ಹಿಮದಷ್ಟೇ ತಣ್ಣಗೆ. ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಎಷ್ಟೋ ವರ್ಷ ನ್ಯಾರೋಸ್ ಮುಚ್ಚಿಯೇ ಇರುತ್ತದೆ. ಮೇ ತಿಂಗಳ ಮೆಮೋರಿಯಲ್ ಡೇ ರಜೆಗೆ ಇದನ್ನೇ ನಂಬಿಕೊಂಡು ಟಿಕೆಟ್ ಮಾಡಿಸಬೇಡಿ.

ಮುಚ್ಚುವುದಕ್ಕೆ ಒಂದು ಲೆಕ್ಕ ಇದೆ. ಹರಿವು 150 ಕ್ಯೂಸೆಕ್ ದಾಟಿದರೆ ಕೆಳಗಿನಿಂದ ಯಾರನ್ನೂ ಬಿಡುವುದಿಲ್ಲ. 120 ದಾಟಿದರೆ ಮೇಲಿನಿಂದ ಬರಲು ಪರ್ಮಿಟ್ ಕೊಡುವುದಿಲ್ಲ. ಕೆಆರ್‌ಎಸ್‌ನಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದಿ ಬೆಳೆದ ನಮಗೆ 150 ಅನ್ನುವುದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಲ್ಲಿ ಆ ನೀರಿಗೆ ಹರಡಿಕೊಳ್ಳಲು ಜಾಗ ಇಲ್ಲ. ಒಂದು ಮಾಮೂಲಿ ರಸ್ತೆಯಷ್ಟು ಅಗಲದ ಸಂದಿಯಲ್ಲಿ, ಒಂದೊಂದು ಸೆಕೆಂಡಿಗೂ 150 ಘನ ಅಡಿ ನೀರು ನಿಮ್ಮ ತೊಡೆಗೆ ಗುದ್ದಿಕೊಂಡು ಹೋಗುತ್ತದೆ. ನನ್ನ ಅನುಭವದಲ್ಲಿ 60ರ ಒಳಗಿದ್ದರೆ ಆರಾಮ, ಹೆಚ್ಚಿನ ಕಡೆ ಮೊಣಕಾಲಿನ ಆಸುಪಾಸು. 70ರಿಂದ 100 ಅಂದರೆ ಸೊಂಟದವರೆಗೆ ನೀರು, ಹೆಜ್ಜೆ ಹೆಜ್ಜೆಗೂ ಬಲ ಹಾಕಬೇಕು. ನೂರು ದಾಟಿದರೆ ಕುಳ್ಳಗಿರುವವರು, ಈಜು ಬಾರದವರು, ಮಕ್ಕಳು ಇಳಿಯದಿರುವುದೇ ಒಳ್ಳೆಯದು. ಉದ್ಯಾನದ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಅನ್ನುವ ಊರಿನ ಬಳಿ ನದಿಗೆ ಅಳತೆಯ ಯಂತ್ರ ಇಟ್ಟಿದ್ದಾರೆ, ಆ ಕ್ಷಣದ ಹರಿವು ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ವಾರದಿಂದಲೇ ದಿನಾ ನೋಡುತ್ತಾ ಬನ್ನಿ. ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ಜೂನ್ ಒಳ್ಳೆಯ ತಿಂಗಳು. ಹಿಮದ ನೀರು ಇಳಿದಿರುತ್ತದೆ, ಮಳೆ ಇನ್ನೂ ಶುರುವಾಗಿರುವುದಿಲ್ಲ, ಹಗಲು ಉದ್ದ. ನನಗೆ ಅದಕ್ಕಿಂತ ಇಷ್ಟ ಅಕ್ಟೋಬರ್. ಜನ ಕಡಿಮೆ, ನೀರು ತಿಳಿ, ಬೆಳಕು ಬಂಗಾರದ ಬಣ್ಣ. ಚಳಿ ಮಾತ್ರ ಜಾಸ್ತಿ. ಚಳಿಗಾಲದಲ್ಲೂ ಜನ ಹೋಗುತ್ತಾರೆ, ಆದರೆ ಆಗ ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಮೈಗೆ ಹನಿ ನೀರೂ ತಾಗದ ಡ್ರೈಸೂಟ್ ಇಲ್ಲದೆ ಇಳಿಯಲೇಬಾರದು. 2022ರ ನವೆಂಬರ್‌ನಲ್ಲಿ ರಾತ್ರಿ ಒಳಗೆ ಉಳಿದಿದ್ದ ದಂಪತಿಯಲ್ಲಿ ಹೆಂಡತಿ ಚಳಿಗೆ ಮೈ ತಣ್ಣಗಾಗಿ ತೀರಿಕೊಂಡರು. ವಯಸ್ಸು 31. ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ನಾನು ಹೇಳುವುದು ಅದಕ್ಕೇ.

ದಿಢೀರ್ ಪ್ರವಾಹ: ಇದನ್ನು ಮಾತ್ರ ಎರಡು ಸಲ ಓದಿ

ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಾನ್ಸೂನ್ ಇದೆ, ಹೆಸರೂ ಅದೇ. ನಮ್ಮ ಹಾಗೆ ಜಿಟಿಜಿಟಿ ಅಲ್ಲ. ಮಧ್ಯಾಹ್ನ ಮೋಡ ಕಟ್ಟಿ ಅರ್ಧ ಗಂಟೆ ಧೋ ಎಂದು ಸುರಿದು ಹೋಗುತ್ತದೆ. ಸುತ್ತ ಬೋಳು ಬಂಡೆ. ನೀರು ಹೀರುವ ಮಣ್ಣು, ಕಾಡು ಏನೂ ಇಲ್ಲ. ಬಿದ್ದದ್ದೆಲ್ಲ ನೇರವಾಗಿ ಕಮರಿಗೆ ಜಾರುತ್ತದೆ. ನಿಮ್ಮಿಂದ ಹತ್ತಾರು ಮೈಲಿ ದೂರದಲ್ಲಿ ಸುರಿದ ಮಳೆ ನೀವು ನಿಂತಲ್ಲಿಗೆ ಬರುವಾಗ ಮರ, ಕಲ್ಲು, ಕೆಸರು ಎಲ್ಲ ಹೊತ್ತು ತರುತ್ತದೆ.

1961ರ ಸೆಪ್ಟೆಂಬರ್‌ನಲ್ಲಿ ನ್ಯಾರೋಸ್‌ನೊಳಗೇ ಐವರು ಹೀಗೆ ಸತ್ತರು. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಅನ್ನುವ ಇನ್ನೊಂದು ಸಣ್ಣ ಸಂದಿಯಲ್ಲಿ ಏಳು ಜನರ ಇಡೀ ತಂಡವೇ ಹೋಯಿತು. 2022ರ ಆಗಸ್ಟ್‌ನಲ್ಲಿ ಸಿನವಾವ ಬಳಿ ಹಲವರು ಪ್ರವಾಹಕ್ಕೆ ಸಿಕ್ಕಿ, ಒಬ್ಬ ಯುವತಿ ಕೊಚ್ಚಿಹೋದರು. ಹೆದರಿಸಲು ಹೇಳುತ್ತಿಲ್ಲ. ತಿಂಗಳು ನೋಡಿ: ಆಗಸ್ಟ್, ಸೆಪ್ಟೆಂಬರ್, ಸೆಪ್ಟೆಂಬರ್.

ಎರಡನೇ ಸಲ ಹೋದಾಗ ಒಂದು ತಿರುವಿನಲ್ಲಿ ಚಿಕ್ಕಿ ತಿನ್ನುತ್ತಾ ನಿಂತಿದ್ದೆ. ಸುಮ್ನೆ ತಲೆ ಎತ್ತಿದೆ. ನನಗಿಂತ ಹದಿನೈದು ಅಡಿಯಾದರೂ ಮೇಲೆ, ಗೋಡೆಯ ಬಿರುಕಿಗೆ ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು. ತೊಗಟೆ ಪೂರ್ತಿ ಸುಲಿದು ಮೂಳೆಯ ಹಾಗೆ ಬೆಳ್ಳಗಾಗಿತ್ತು. ಒಂದು ತುದಿಗೆ ಒಣಹುಲ್ಲು, ಬೇರು, ಕಡ್ಡಿ ಎಲ್ಲ ಜಡೆಯಾಗಿ ಸುತ್ತಿಕೊಂಡು ನೇತಾಡುತ್ತಿತ್ತು. ಯಾರೂ ಅದನ್ನು ಅಲ್ಲಿ ಏರಿಸಿ ಇಟ್ಟದ್ದಲ್ಲ. ಒಂದು ದಿನ ನೀರು ಅಷ್ಟೆತ್ತರ ಬಂದಿತ್ತು. ನಾನು ನಿಂತ ಜಾಗದಲ್ಲಿ, ಹತ್ತಿಕೊಳ್ಳಲು ಎಡಕ್ಕೂ ಬಲಕ್ಕೂ ಒಂದು ಹಿಡಿಯಷ್ಟು ಆಸರೆ ಇರಲಿಲ್ಲ. ಅವತ್ತಿನಿಂದ ಒಳಗೆ ಕಾಲಿಟ್ಟ ಮೇಲೆ, ದಡದಲ್ಲಿ ಎತ್ತರದ ದಿಬ್ಬ ಸಿಕ್ಕಾಗಲೆಲ್ಲ ಅದನ್ನು ಗುರುತು ಮಾಡಿಕೊಳ್ಳುತ್ತಾ ಹೋಗುತ್ತೇನೆ.

ಹಾಗಾದರೆ ಮಾಡಬೇಕಾದ್ದೇನು? ಹೋಗುವ ದಿನ ಬೆಳಗ್ಗೆ ವಿಸಿಟರ್ ಸೆಂಟರ್‌ನಲ್ಲಿ ಅವತ್ತಿನ ಪ್ರವಾಹದ ಮುನ್ಸೂಚನೆ ನೋಡಿ. ಸಾಧ್ಯತೆ ಇಲ್ಲ, ಇರಬಹುದು, ಹೆಚ್ಚಿದೆ, ಖಂಡಿತ ಅನ್ನುವ ಹಾಗೆ ನಾಲ್ಕು ಮಟ್ಟ ಇವೆ. ಮೊದಲನೆಯದು ಬಿಟ್ಟು ಬೇರೆ ಏನೇ ಇದ್ದರೂ ಹೊಸಬರು ಒಳಗೆ ದೂರ ಹೋಗಬೇಡಿ. ಸುತ್ತಲಿನ ಬೆಟ್ಟಗಳ ಹವಾಮಾನವನ್ನೂ ನೋಡಿ, ಬರೀ ಸ್ಪ್ರಿಂಗ್‌ಡೇಲ್‌ದು ನೋಡಿದರೆ ಸಾಲದು. ಪ್ರವಾಹದ ಎಚ್ಚರಿಕೆ ಹೊರಟರೆ ನ್ಯಾರೋಸ್ ಮುಚ್ಚುತ್ತಾರೆ, ಎಚ್ಚರಿಕೆ ತೆಗೆದು ಎರಡು ಗಂಟೆ ಆದ ಮೇಲಷ್ಟೇ ತೆರೆಯುತ್ತಾರೆ. ಆದರೆ ನೀವು ಆಗಲೇ ಒಳಗಿದ್ದರೆ ಯಾರೂ ಬಂದು ಹೇಳುವುದಿಲ್ಲ. ಒಳಗೆ ಫೋನ್ ಸಿಗ್ನಲ್ ಇಲ್ಲವೇ ಇಲ್ಲ.

ಒಳಗಿದ್ದಾಗ ಹೇಳುವುದು ಹೊಳೆಯೇ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕದಡಿತೆ? ಎಲೆ, ಕಡ್ಡಿ, ಕಸ ತೇಲಿ ಬರಲು ಶುರುವಾಯಿತೆ? ಹರಿವು ಜೋರಾಯಿತೆ, ದೂರದಿಂದ ಮೊರೆತ ಕೇಳಿಸುತ್ತಿದೆಯೆ, ಗುಡುಗಿತೆ? ಇದರಲ್ಲಿ ಒಂದು ಕಂಡರೂ ಸಾಕು, ಆ ಕ್ಷಣವೇ ಸಿಕ್ಕ ಎತ್ತರಕ್ಕೆ ಹತ್ತಿ. ಹೊರಗೆ ಓಡಿ ಗೆಲ್ಲುತ್ತೇನೆ ಅಂದುಕೊಳ್ಳಬೇಡಿ, ಪ್ರವಾಹ ನಿಮಗಿಂತ ವೇಗ. ನಾಲ್ಕೈದು ಅಡಿ ಮೇಲಿದ್ದರೂ ಜೀವ ಉಳಿಯಬಹುದು. ನೀರು ಇಳಿದು ತಿಳಿಯಾಗುವವರೆಗೆ, ಎಷ್ಟೇ ಗಂಟೆ ಆಗಲಿ, ಅಲ್ಲೇ ಕೂತಿರಿ.

ತಲುಪುವುದು

ಲಾಸ್ ವೇಗಸ್‌ನಿಂದ ಸುಮಾರು 260 ಕಿಲೋಮೀಟರ್, ಮೂರು ಗಂಟೆಯ ದಾರಿ. ಯೂಟಾದ ಗಡಿಯಾರ ವೇಗಸ್‌ಗಿಂತ ಒಂದು ಗಂಟೆ ಮುಂದೆ ಅನ್ನುವುದನ್ನು ಮರೆಯಬೇಡಿ. ಐದಕ್ಕೆ ಹೊರಟರೆ ಅಲ್ಲಿ ಒಂಬತ್ತು. ಅಷ್ಟು ಹೊತ್ತಿಗೆ ಪಾರ್ಕಿಂಗ್ ತುಂಬಿರುತ್ತದೆ, ದಿನದ ಒಳ್ಳೆಯ ಸಮಯವೂ ಹೋಗಿರುತ್ತದೆ. ಹಿಂದಿನ ರಾತ್ರಿಯೇ ಬಂದು ಸ್ಪ್ರಿಂಗ್‌ಡೇಲ್‌ನಲ್ಲೋ, ಖರ್ಚು ಕಡಿಮೆ ಮಾಡಬೇಕಿದ್ದರೆ ಸ್ವಲ್ಪ ದೂರದ ಹರಿಕೇನ್‌ನಲ್ಲೋ ಉಳಿಯಿರಿ.

ಒಂದು ಕಾರಿಗೆ ಏಳು ದಿನಕ್ಕೆ 35 ಡಾಲರ್ ಪ್ರವೇಶ ಶುಲ್ಕ. 2026ರಿಂದ ಅಮೆರಿಕದಲ್ಲಿ ವಾಸ ಇಲ್ಲದವರಿಗೆ, 16 ವರ್ಷ ತುಂಬಿದ್ದರೆ, ತಲಾ 100 ಡಾಲರ್ ಹೆಚ್ಚುವರಿ ಇದೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಲೆಕ್ಕ ಹಾಕಿಕೊಂಡೇ ಹೊರಡಿ.

ಮಾರ್ಚ್‌ನಿಂದ ನವೆಂಬರ್‌ವರೆಗೆ ಕಣಿವೆಯೊಳಗೆ ನಿಮ್ಮ ಕಾರು ಬಿಡುವುದಿಲ್ಲ. ವಿಸಿಟರ್ ಸೆಂಟರ್‌ನಿಂದ ಶಟಲ್ ಬಸ್ಸು, ಪುಕ್ಕಟೆ. ಕೊನೆಯ ಸ್ಟಾಪು, ಒಂಬತ್ತನೆಯದು, ಟೆಂಪಲ್ ಆಫ್ ಸಿನವಾವ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವತ್ತಿನ ಮೊದಲ ಬಸ್ಸುಗಳಲ್ಲೇ ಹೋಗಿ, ಜನ ಬರುವ ಮುಂಚೆ ಒಳಗಿರುತ್ತೀರಿ. ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನು ಸ್ಟಾಪಿನ ಫಲಕದಲ್ಲಿ ಓದಿ ಫೋಟೋ ತೆಗೆದಿಟ್ಟುಕೊಳ್ಳಿ. ಅದು ತಪ್ಪಿದರೆ ಒದ್ದೆ ಶೂನಲ್ಲಿ ಕತ್ತಲಲ್ಲಿ ಒಂಬತ್ತು ಮೈಲಿಯವರೆಗೆ ನಡೆಯಬೇಕಾಗುತ್ತದೆ.

ಕಾಲಿಗೆ, ಕೈಗೆ, ಮೈಗೆ

ದುಡ್ಡು ಖರ್ಚು ಮಾಡುವುದಿದ್ದರೆ ಕಾಲಿನ ಮೇಲೆ ಮಾಡಿ. ಹೊಳೆಯ ತಳ ಪೂರ್ತಿ ಗುಂಡುಕಲ್ಲು. ಅಜ್ಜಿ ಮನೆಯ ಒರಳಿನ ಗುಂಡು ನೋಡಿದ್ದೀರಲ್ಲ, ಅಂಥವು ಸಾವಿರಾರು, ಮೇಲೆ ಪಾಚಿ. ಚಪ್ಪಲಿ, ಸ್ಯಾಂಡಲ್, ಕ್ರಾಕ್ಸ್ ಯಾವುದೂ ನಡೆಯುವುದಿಲ್ಲ. ಬೆರಳು ಕಲ್ಲಿಗೆ ಗುದ್ದಿ ಉಗುರು ಹೋಗುತ್ತದೆ. ಬರಿಗಾಲಂತೂ ಬೇಡವೇ ಬೇಡ. ನಾನು ಮೊದಲ ಸಲ ಹಳೆಯ ಓಟದ ಶೂ ಹಾಕಿದ್ದೆ. ಮೂರನೇ ಗಂಟೆಗೆ ಒಂದರ ಅಂಟು ಬಿಟ್ಟು ಅಟ್ಟೆ ನಾಲಿಗೆಯ ಹಾಗೆ ಜೋತುಬಿತ್ತು, ಅದನ್ನು ಬ್ಯಾಗಿನ ದಾರದಿಂದ ಕಟ್ಟಿಕೊಂಡು ವಾಪಸ್ ನಡೆದೆ. ನೀರಲ್ಲಿ ನಡೆಯಲೆಂದೇ ಮಾಡಿದ, ಪಾದದ ಗಿಣ್ಣನ್ನು ಬಿಗಿಯಾಗಿ ಹಿಡಿಯುವ ಶೂಗಳು ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಜೊತೆಗೆ ನಿಯೋಪ್ರೀನ್ ಅನ್ನುವ ರಬ್ಬರಿನ ದಪ್ಪನೆಯ ಕಾಲುಚೀಲ ಮತ್ತು ಕೋಲು. ಈ ಮೂರನ್ನೂ ಒಟ್ಟಿಗೆ ಕೊಡುತ್ತಾರೆ. ನಿಯೋಪ್ರೀನ್ ನೀರನ್ನು ತಡೆಯುವುದಿಲ್ಲ. ಒಳಗೆ ಬಂದ ನೀರನ್ನು ಹಿಡಿದಿಡುತ್ತದೆ, ನಿಮ್ಮ ಮೈಬಿಸಿಗೆ ಆ ನೀರೇ ಬೆಚ್ಚಗಾಗುತ್ತದೆ. ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ ಕಾಲುಚೀಲದ ಸಮೇತ ಹಾಕಿ ನೋಡಿ ತೆಗೆದುಕೊಳ್ಳಿ, ಬೆಳಗ್ಗೆ ಸಾಲು ಇರುತ್ತದೆ.

ಕೋಲು ಉದ್ದವಾಗಿರಲಿ, ಎದೆಯಷ್ಟಾದರೂ. ದಪ್ಪ ಮರದ್ದೇ ಒಳ್ಳೆಯದು. ಮಡಚುವ ಟ್ರೆಕ್ಕಿಂಗ್ ಕೋಲುಗಳು ಕಲ್ಲಿನ ಸಂದಿಗೆ ಸಿಕ್ಕಿದರೆ ಬಾಗುತ್ತವೆ. ಕೋಲು ಭಾರ ಅಂತ ಬಿಟ್ಟು ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಬಟ್ಟೆಯಲ್ಲಿ ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಪ್ಯಾಂಟು, ಟೀ ಶರ್ಟು, ಒಂದು ಫ್ಲೀಸ್. ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಒಳಗೆ ಬಿಸಿಲು ಬೀಳುವುದು ಸ್ವಲ್ಪ ಹೊತ್ತು, ಸಂದಿಯಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ. ಅಕ್ಟೋಬರ್‌ನಲ್ಲಾದರೆ ನೀರು ತಾಗದ, ಎದೆಯವರೆಗೆ ಬರುವ ಪ್ಯಾಂಟನ್ನೂ ಬಾಡಿಗೆಗೆ ತೆಗೆದುಕೊಳ್ಳಿ. ಒಣಬಟ್ಟೆ ಒಂದು ಜೊತೆ, ಫೋನ್, ಕಾರಿನ ಕೀ ಎಲ್ಲ ನೀರು ಹೋಗದ ಡ್ರೈಬ್ಯಾಗಿನಲ್ಲಿ. ಅದಿಲ್ಲದಿದ್ದರೆ ದಪ್ಪ ಜಿಪ್ ಕವರಿಗೆ ಇನ್ನೊಂದು ಜಿಪ್ ಕವರ್.

ಕುಡಿಯುವ ನೀರು: ತಲೆಗೆ ಮೂರು ಲೀಟರ್, ಹೊತ್ತುಕೊಂಡೇ ಹೋಗಬೇಕು. ಸುತ್ತ ಇಷ್ಟು ನೀರಿದೆ, ಫಿಲ್ಟರ್ ಒಯ್ದರೆ ಸಾಕಲ್ವಾ ಅಂತ ಕೇಳುತ್ತೀರಿ. ಸಾಲದು. 2020ರ ಬೇಸಿಗೆಯಲ್ಲಿ ಈ ನದಿಯಲ್ಲಿ ಸೈನೋಬ್ಯಾಕ್ಟೀರಿಯಾ, ಅಂದರೆ ಪಾಚಿಯ ಹಾಗೆ ಬೆಳೆದು ವಿಷ ಬಿಡುವ ಸೂಕ್ಷ್ಮಜೀವಿ, ಸಿಕ್ಕಿತು. ನೀರಲ್ಲಿ ಆಡಿದ ಒಂದು ನಾಯಿಮರಿ ಸತ್ತೇ ಹೋಯಿತು. ಇದರ ವಿಷವನ್ನು ಸಾಮಾನ್ಯ ಫಿಲ್ಟರ್ ತಡೆಯುವುದಿಲ್ಲ. ಹೊಳೆ ನೀರು ಕುಡಿಯಬೇಡಿ, ತಲೆ ಮುಳುಗಿಸಬೇಡಿ, ಮುಖ ತೊಳೆಯಬೇಡಿ. ಕಲ್ಲಿಗೆ ಅಂಟಿದ ಪಾಚಿಯ ಮುದ್ದೆಯನ್ನು ಮುಟ್ಟಬೇಡಿ. ತಿನ್ನುವ ಮುಂಚೆ ಕೈಯನ್ನು ಬಾಟಲಿ ನೀರಲ್ಲಿ ತೊಳೆಯಿರಿ. ಅವತ್ತಿನ ಪರಿಸ್ಥಿತಿ ಏನೆಂದು ಉದ್ಯಾನದವರು ಹಾಕಿರುತ್ತಾರೆ, ಓದಿ.

ತಿನ್ನಲು ನಾನು ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಮಾಡಿಕೊಂಡು ಹೋಗುತ್ತೇನೆ, ಒಂದೇ ಕೈಯಲ್ಲಿ ತಿನ್ನಬಹುದು. ಕಡಲೆಕಾಯಿ ಚಿಕ್ಕಿ, ಒಣದ್ರಾಕ್ಷಿ ಜೇಬಿನಲ್ಲಿರಲಿ. ಚಳಿಯಲ್ಲಿ ಹಸಿವು ಬೇಗ ಆಗುತ್ತದೆ. ಕಿತ್ತಳೆ ಸಿಪ್ಪೆ, ಟಿಶ್ಯೂ, ಯಾವುದನ್ನೂ ಅಲ್ಲಿ ಬಿಡಬೇಡಿ. ಶೌಚಾಲಯ ಸಿನವಾವ ಸ್ಟಾಪಿನಲ್ಲಿ ಮಾತ್ರ ಇದೆ, ಬಾಟಲಿ ತುಂಬಿಸುವ ನಲ್ಲಿಯೂ ಅಲ್ಲೇ. ಎರಡೂ ಮುಗಿಸಿಕೊಂಡೇ ಹೊರಡಿ.

ನೀರಿಗೆ ಇಳಿದ ಮೇಲೆ

ಸ್ಟಾಪಿನಿಂದ ಮೊದಲ ಒಂದು ಮೈಲಿ ರಿವರ್‌ಸೈಡ್ ವಾಕ್. ಹೊಳೆಯ ಪಕ್ಕದಲ್ಲೇ ಸಮತಟ್ಟಾದ ಕಟ್ಟಿದ ದಾರಿ. ಅಪ್ಪ ಅಮ್ಮ, ಪುಟ್ಟ ಮಕ್ಕಳು ಇಲ್ಲಿವರೆಗೆ ಆರಾಮಾಗಿ ಬರಬಹುದು. ಬಂಡೆಯಿಂದ ನೀರು ಜಿನುಗುವಲ್ಲಿ ಜರೀಗಿಡಗಳು ಗೋಡೆಗೆ ತೂಗುಬಿದ್ದಿರುತ್ತವೆ. ಮೇಲಿನ ಮರಳುಗಲ್ಲು ಮಳೆ ನೀರನ್ನು ಹೀರಿ, ಕೆಳಗಿನ ಗಟ್ಟಿ ಪದರ ತಲುಪಿದಾಗ ಪಕ್ಕಕ್ಕೆ ಹೊರಗೆ ಬಿಡುತ್ತದೆ. ಅಲ್ಲಿ ನಿಧಾನವಾಗಿ ನೋಡಿದರೆ ಸಾಸಿವೆಗಿಂತ ತುಸು ದೊಡ್ಡ ಬಸವನಹುಳು ಕಾಣಬಹುದು. ಝಯಾನ್ ಬಸವನಹುಳು ಅಂತಲೇ ಹೆಸರು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಆ ಗೋಡೆಗೆ ಕೈ ಒರಗಿಸಬೇಡಿ.

ದಾರಿ ಮುಗಿದಲ್ಲಿ ನಾಲ್ಕು ಮೆಟ್ಟಿಲು, ಆಮೇಲೆ ನೀರು. ಮೊದಲ ಐದು ನಿಮಿಷ ಚಳಿ ಕೊರೆಯುತ್ತದೆ, ತಾಳಿಕೊಳ್ಳಿ, ಆಮೇಲೆ ಕಡಿಮೆಯಾಗುತ್ತದೆ. ಹೆಜ್ಜೆ ಹಾಕುವುದನ್ನು ಇಲ್ಲೇ ಕಲಿತುಬಿಡಿ. ಕೋಲನ್ನು ಯಾವಾಗಲೂ ನೀರು ಬರುವ ಕಡೆ ಊರಿ, ಮೈಯನ್ನು ತುಸು ಅದರ ಮೇಲೆ ಒರಗಿಸಿ. ಕೋಲು ಮತ್ತು ಎರಡು ಕಾಲು, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಎತ್ತಿ. ಕಲ್ಲಿನ ನೆತ್ತಿಯ ಮೇಲೆ ಕಾಲಿಡಬೇಡಿ, ಜಾರುತ್ತದೆ. ಕಲ್ಲುಗಳ ನಡುವಿನ ಮರಳಿಗೆ ಪಾದವನ್ನು ಸವರಿಕೊಂಡು ಇಳಿಸಿ. ನೀರು ಕಡು ಹಸಿರಾಗಿದ್ದರೆ ಅಲ್ಲಿ ಗುಂಡಿ. ಮೇಲೆ ಸಣ್ಣ ಅಲೆ ಎದ್ದು ಜುಳುಜುಳು ಅನ್ನುತ್ತಿದ್ದರೆ ಅಲ್ಲಿ ಆಳ ಕಡಿಮೆ. ತಿರುವಿನಲ್ಲಿ ಹೊಳೆ ಹೊರಗಿನ ಗೋಡೆಯ ಬುಡವನ್ನು ಕೊರೆಯುತ್ತದೆ, ಒಳಮಗ್ಗುಲಿಗೆ ಮರಳು ಕಲ್ಲು ರಾಶಿ ಹಾಕುತ್ತದೆ. ಆದ್ದರಿಂದ ಒಳಮಗ್ಗುಲಿನಲ್ಲೇ ನಡೆಯಿರಿ, ಮುಂದಿನ ತಿರುವು ಬರುವ ಮುಂಚೆಯೇ ಅಗಲವಾದ ಜಾಗ ನೋಡಿ ಆಚೆ ದಾಟಿ. ಹೀಗೆ ಹತ್ತಾರು ಸಲ ದಾಟಬೇಕಾಗುತ್ತದೆ.

ಆಳದಲ್ಲಿ ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಡಿ. ಬಿದ್ದರೆ ಬ್ಯಾಗ್ ಕಳಚಿಕೊಳ್ಳಬೇಕು. ಬಿದ್ದೇಬಿಟ್ಟರೆ ಜೋರು ನೀರಲ್ಲಿ ತಕ್ಷಣ ಎದ್ದು ನಿಲ್ಲಲು ಹೋಗಬೇಡಿ. ಅಂಗಾತ ತೇಲಿ, ಕಾಲು ಮುಂದಕ್ಕೆ ಇರಲಿ, ನೀರು ನಿಧಾನವಾದಲ್ಲಿ ದಡಕ್ಕೆ ಬನ್ನಿ. ಯಾಕೆ ಅಂದರೆ ಕಲ್ಲಿನ ಸಂದಿಗೆ ಕಾಲು ಸಿಕ್ಕಿ, ಮೇಲಿನಿಂದ ನೀರು ಒತ್ತಿದರೆ ಏಳಲು ಆಗುವುದಿಲ್ಲ. ನನಗೆ ಒಮ್ಮೆ ತೊಡೆಯಷ್ಟು ನೀರಲ್ಲಿ ಬಲಗಾಲು ಎರಡು ಕಲ್ಲಿನ ನಡುವೆ ಕಚ್ಚಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು, ಎದೆ ಹೊಡೆದುಕೊಳ್ಳತೊಡಗಿತು. ಎಳೆಯುವುದು ನಿಲ್ಲಿಸಿ, ಕೋಲನ್ನು ಮುಂದೆ ಊರಿ ಭಾರವೆಲ್ಲ ಅದರ ಮೇಲೆ ಹಾಕಿ, ಹಿಮ್ಮಡಿಯನ್ನು ಮೆಲ್ಲಗೆ ತಿರುಗಿಸಿ, ಕಾಲು ಹೋದ ದಾರಿಯಲ್ಲೇ ಹಿಂದಕ್ಕೆ ತೆಗೆದೆ. ಅರ್ಧ ನಿಮಿಷದ ಕೆಲಸ. ಕೋಲು ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಶುರುವಾಗಿ ಅರ್ಧ ಗಂಟೆಯೊಳಗೆ ಮಿಸ್ಟರಿ ಫಾಲ್ಸ್, ನುಣ್ಣನೆ ಬಂಡೆಯ ಮೇಲೆ ಪದರವಾಗಿ ಜಾರಿ ಬರುವ ಜಲಪಾತ. ಬಹಳ ಜನ ಇಲ್ಲಿಂದಲೇ ವಾಪಸ್ ಹೋಗುತ್ತಾರೆ, ಆಮೇಲೆ ದಾರಿ ನಿಮ್ಮದಾಗುತ್ತದೆ. ಬೂದು ಬಣ್ಣದ ಒಂದು ಸಣ್ಣ ಹಕ್ಕಿ ಕಲ್ಲಿನ ಮೇಲೆ ಕುಣಿಯುತ್ತಾ ಇದ್ದಕ್ಕಿದ್ದಂತೆ ನೀರಿನೊಳಗೆ ನಡೆದು ಹೋದರೆ ಗಾಬರಿ ಬೇಡ. ಅದು ಡಿಪ್ಪರ್, ತಳದ ಹುಳ ಹೆಕ್ಕಲು ಹೋದದ್ದು.

ಸುಮಾರು ಎರಡು ಗಂಟೆಯ ಹೊತ್ತಿಗೆ ಬಲಕ್ಕೆ ಇನ್ನೊಂದು ಸಂದಿ ಬಂದು ಸೇರುತ್ತದೆ, ಆರ್ಡರ್‌ವಿಲ್ ಕ್ಯಾನಿಯನ್. ಇಲ್ಲಿಂದ ಮುಂದಿನದೇ ವಾಲ್ ಸ್ಟ್ರೀಟ್. ಗೋಡೆಗಳು ಹತ್ತಿರ ಬರುತ್ತವೆ, ದಡ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮೇಲೆ ಆಕಾಶ ಒಂದು ಸೀಳು ಅಷ್ಟೇ. ಬಿಸಿಲು ನೇರವಾಗಿ ಕೆಳಗೆ ಬೀಳುವುದಿಲ್ಲ. ಮೇಲಿನ ಗೋಡೆಗೆ ಬಿದ್ದು, ಎದುರು ಗೋಡೆಗೆ ಪುಟಿದು, ಹಾಗೇ ಇಳಿದು ಬರುತ್ತದೆ. ಹಾಗಾಗಿ ಬಂಡೆ ಒಳಗಿನಿಂದಲೇ ಕೆಂಡದ ಹಾಗೆ ಬೆಳಗುತ್ತದೆ, ಅದರ ಬುಡದಲ್ಲಿ ನೀರು ತಣ್ಣನೆ ಹಸಿರು. ಮಾತಾಡಿದರೆ ದನಿ ಸುತ್ತಿ ಸುತ್ತಿ ಬರುತ್ತದೆ, ಅದಕ್ಕೇ ಇರಬೇಕು, ಇಲ್ಲಿ ಬಂದವರೆಲ್ಲ ತಾವಾಗಿಯೇ ಮೆಲ್ಲಗೆ ಮಾತಾಡುತ್ತಾರೆ. 18 ಕೋಟಿ ವರ್ಷ ಹಿಂದಿನ ಮರುಭೂಮಿಯ ಮರಳು ದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು ಇದು. ಗಾಳಿ ಮರಳನ್ನು ಓರೆಯಾಗಿ ಜೋಡಿಸಿದ ಗೆರೆಗಳು ಇನ್ನೂ ಹಾಗೇ ಕಾಣುತ್ತವೆ. 1872ರಲ್ಲಿ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಈ ಕಮರಿಯಲ್ಲಿ ಇಳಿದು ಬಂದು ನ್ಯಾರೋಸ್ ಅಂತ ಹೆಸರಿಟ್ಟರು. ಇಲ್ಲಿನ ಮೂಲನಿವಾಸಿಗಳಾದ ಸದರ್ನ್ ಪಾಯೂಟ್ ಜನ ಅದಕ್ಕೂ ಎಷ್ಟೋ ಮುಂಚಿನಿಂದ ಈ ಕಣಿವೆಯನ್ನು ಬಲ್ಲವರು, ಸಿನವಾವ ಅವರ ದೇವರ ಹೆಸರು.

ವಾಲ್ ಸ್ಟ್ರೀಟ್‌ನಲ್ಲಿ ನಿಂತು ನೋಡಿ, ಫೋಟೋ ತೆಗೆಯಿರಿ, ಆದರೆ ಊಟಕ್ಕೆ ಕೂರಬೇಡಿ. ಪ್ರವಾಹ ಬಂದರೆ ಹತ್ತಲು ಜಾಗ ಇಲ್ಲದ ಭಾಗ ಇದೇ. ಊಟ ಆರ್ಡರ್‌ವಿಲ್ ಸೇರುವ ಮುಂಚೆ ಸಿಗುವ ಎತ್ತರದ ದಿಬ್ಬಗಳಲ್ಲಿ ಮುಗಿಸಿ. ಇನ್ನೂ ಮುಂದೆ ಹೋದರೆ ಫ್ಲೋಟಿಂಗ್ ರಾಕ್ ಅನ್ನುವ ದೈತ್ಯ ಬಂಡೆ, ಆಳದ ಕೆಲವು ಗುಂಡಿಗಳು, ಕೊನೆಗೆ ಗೋಡೆಯಿಂದ ನೀರು ಧುಮುಕುವ ಬಿಗ್ ಸ್ಪ್ರಿಂಗ್. ಅಲ್ಲಿವರೆಗೆ ಹೋಗಿ ಬರಲು ಎಂಟು ಗಂಟೆ, ಕೆಲವರಿಗೆ ಹತ್ತು. ನನ್ನನ್ನು ಕೇಳಿದರೆ ವಾಲ್ ಸ್ಟ್ರೀಟ್‌ನಲ್ಲಿ ಅರ್ಧ ಗಂಟೆ ನಡೆದು ತಿರುಗಿದರೂ ನೋಡಬೇಕಾದ್ದನ್ನು ನೋಡಿದ ಹಾಗೆಯೇ.

ತಿರುಗುವ ಹೊತ್ತು

ಎಷ್ಟು ದೂರ ಅಂತ ಗುರಿ ಇಟ್ಟುಕೊಳ್ಳಬೇಡಿ, ಎಷ್ಟು ಗಂಟೆಗೆ ತಿರುಗುವುದು ಅಂತ ಇಟ್ಟುಕೊಳ್ಳಿ. ಒಳಗೆ ಗಂಟೆಗೆ ಒಂದು ಮೈಲಿ ಸಾಗಿದರೆ ದೊಡ್ಡದು. ಬಸ್ಸಿಳಿದಾಗಲೇ ಎಲ್ಲರೂ ಸೇರಿ ತೀರ್ಮಾನಿಸಿ, ಉದಾಹರಣೆಗೆ ಹನ್ನೆರಡೂವರೆ. ಆ ಹೊತ್ತಿಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಇನ್ನೊಂದೇ ತಿರುವು ನೋಡೋಣ ಅನ್ನಿಸುತ್ತದೆ, ಪ್ರತಿ ತಿರುವಿನಲ್ಲೂ ಅನ್ನಿಸುತ್ತದೆ. ಮಾನ್ಸೂನ್ ತಿಂಗಳಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನ, ಆದ್ದರಿಂದ ಇನ್ನೂ ಬೇಗ ತಿರುಗಬೇಕು.

ಜೊತೆಗಿರುವವರಲ್ಲಿ ಯಾರಾದರೂ ನಡುಗುವುದು ನಿಲ್ಲದಿದ್ದರೆ, ಮಾತು ತೊದಲಿದರೆ, ಸುಮ್ಮನೆ ಎಡವುತ್ತಿದ್ದರೆ ಗಂಟೆ ನೋಡುವುದೂ ಬೇಡ. ಮೈಯ ಬಿಸಿ ಇಳಿಯುತ್ತಿದೆ ಅಂತಲೇ ಲೆಕ್ಕ. ಒಣ ಜಾಗಕ್ಕೆ ಹತ್ತಿಸಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಸಿಹಿ ಏನಾದರೂ ತಿನ್ನಿಸಿ, ವಾಪಸ್ ಹೊರಡಿ.

ವಾಪಸ್ ಬರುವಾಗ ನೀರು ಬೆನ್ನಿಗೆ. ವೇಗ ಬರುತ್ತದೆ, ಆದರೆ ಬೀಳುವುದೂ ಆಗಲೇ ಜಾಸ್ತಿ. ಹೊಳೆ ಹಿಂದಿನಿಂದ ತಳ್ಳುತ್ತದೆ, ಮಂಡಿ ದಣಿದಿರುತ್ತದೆ, ಮನಸ್ಸು ಆಗಲೇ ಬಸ್ಸಿನಲ್ಲಿ ಕೂತಿರುತ್ತದೆ. ದಾಟುವ ಜಾಗಗಳಲ್ಲಿ ನಿಂತು, ಮುಖವನ್ನು ನೀರು ಬರುವ ಕಡೆ ತಿರುಗಿಸಿಕೊಂಡು ಅಡ್ಡಡ್ಡ ಹೆಜ್ಜೆ ಹಾಕಿ. ಮಕ್ಕಳಿದ್ದರೆ ಅವರು ನಿಮ್ಮ ಕೆಳಮಗ್ಗುಲಿಗೆ, ನೀವು ಅವರಿಗೂ ನೀರಿಗೂ ನಡುವೆ. ನೀರು ಮಗುವಿನ ಸೊಂಟ ಮುಟ್ಟಿದರೆ ಅದೇ ನಿಮ್ಮ ಕೊನೆಯ ತಿರುವು.

ಬಸ್ಸು ಹತ್ತುವ ಮುಂಚೆ ಒಣ ಅಂಗಿ ಹಾಕಿಕೊಳ್ಳಿ, ಎಸಿ ಇರುತ್ತದೆ. ಸ್ಪ್ರಿಂಗ್‌ಡೇಲ್‌ನಲ್ಲಿ ಶೂ, ಕೋಲು ವಾಪಸ್ ಕೊಡಿ, ಸಾಬೂನು ಹಾಕಿ ಕೈಕಾಲು ಮುಖ ತೊಳೆಯಿರಿ. ಮಾರನೇ ದಿನಕ್ಕೆ ಇದೇ ಉದ್ಯಾನದ ಏಂಜಲ್ಸ್ ಲ್ಯಾಂಡಿಂಗ್ ಬೆಟ್ಟ ಇಟ್ಟುಕೊಳ್ಳಬೇಡಿ. ಅದಕ್ಕೆ 2022ರಿಂದ ಪರ್ಮಿಟ್ ಬೇಕು, ಅದಿದ್ದರೂ ಈ ಮಂಡಿಗಳಲ್ಲಿ ಆ ಕಡಿದಾದ ಏರು ಬೇಡ. ವಿಸಿಟರ್ ಸೆಂಟರ್ ಪಕ್ಕದಿಂದಲೇ ಶುರುವಾಗುವ ಪರೂಸ್ ದಾರಿಯಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ನಿಧಾನಕ್ಕೆ ನಡೆಯಿರಿ. ಸಮತಟ್ಟು, ಪಕ್ಕದಲ್ಲಿ ಅದೇ ವರ್ಜಿನ್ ನದಿ, ಇಲ್ಲಿ ಅಗಲವಾಗಿ ಬಿಸಿಲಲ್ಲಿ ಹರಿಯುತ್ತಿರುತ್ತದೆ.